ಅಲುಗಿದ ಹೆಣ

ಬೆಳಿಗ್ಗೆಯಿಂದ ಅಮ್ಮನ ಫೋನು ಇದು ನಾಲ್ಕನೆಯದು. ಪುಟ್ಟಿ ಬಿಳಿ ಕೈಗವಸು ಕಳಚಿಟ್ಟು ಫೋನು ಎತ್ತಿಕೊಂಡಳು. ಅವಳಿಗೆ ಈಗ ಐವತ್ತೆರಡು ವರ್ಷ, ತಲೆಯಲ್ಲಿ ಅರ್ಧ ಬಿಳಿ, ಮಗನಿಗೆ ಮದುವೆಯೂ ಆಗಿದೆ. ಆದರೆ ಅಮ್ಮ ಇರುವ ತನಕ ಪುಟ್ಟಿ ಪುಟ್ಟಿಯೇ.

"ಆ ಹೆಣದ ಸೀನು ಬಂತಾ?"

"ಇನ್ನೂ ಇಲ್ಲಮ್ಮ. ಐದನೇ ರೀಲಲ್ಲಿದೀನಿ. ಅದು ಇರೋದು ಏಳರಲ್ಲಿ."

"ಬಂದ ತಕ್ಷಣ ತೆಗೆದುಬಿಡು. ನೋಡ್ತಾ ಕೂತ್ಕೋಬೇಡ. ಕಣ್ಣು ಮುಚ್ಕೊಂಡು ತೆಗಿ."

"ಕಣ್ಣು ಮುಚ್ಕೊಂಡು ತೆಗೆಯೋಕೆ ಅದೇನು ಹಲ್ಲಾ ಅಮ್ಮ?"

ಅಮ್ಮ ಟಪ್ಪಂತ ಫೋನಿಟ್ಟಳು. ಹನ್ನೊಂದು ಗಂಟೆಗೆ ಮತ್ತೆ ಮಾಡುತ್ತಾಳೆ. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಊರವರಿಗೆಲ್ಲ ಲೈನು ಕೊಡಿಸಿದವಳು. ನಿವೃತ್ತಿಯಾದ ಮೇಲೆ ಉಳಿದ ಚಟವೆಲ್ಲ ಮಗಳ ಮೇಲೆ ತೀರುತ್ತಿತ್ತು.

ಪುಟ್ಟಿಯ ಕೆಲಸ ಹಳೆಯ ಸಿನಿಮಾಗಳನ್ನು ರಿಪೇರಿ ಮಾಡುವುದು. ಸಂಗ್ರಹಾಲಯದ ನೆಲಮಾಳಿಗೆಯಲ್ಲಿ, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮುಂದೆ ಕೂತು, ಹರಿದ ಫಿಲ್ಮು ಅಂಟಿಸುತ್ತಾಳೆ. ಆಮೇಲೆ ಅದನ್ನು ಕಂಪ್ಯೂಟರಿಗೆ ಏರಿಸಿ ಒಂದೊಂದು ಚಿತ್ರದ ಮೇಲಿನ ಗೀರು, ಕಲೆ ಒರೆಸುತ್ತಾಳೆ. ಡಬ್ಬಿ ತೆರೆದರೆ ಹುಳಿ ಬಂದ ವಾಸನೆ. ಇಪ್ಪತ್ತಾರು ವರ್ಷದಿಂದ ಅವಳ ಮೂಗಿಗೆ ಬೇರೆ ವಾಸನೆಯೇ ಹತ್ತುತ್ತಿಲ್ಲ ಎಂದು ಗಂಡ ಗೊಣಗುತ್ತಾನೆ. ಮೇಜಿನ ಮೇಲಿನ ಗೋಡೆಗೆ ಅವಳೇ ಬರೆದು ಅಂಟಿಸಿದ ಚೀಟಿ ಇದೆ: "ಕಾಲ ಮಾಡಿದ ಗಾಯ ನಮ್ಮದು. ಸಿನಿಮಾದವರು ಮಾಡಿದ ತಪ್ಪು ಅವರದೇ." ಅಂದರೆ ಗೀರು ಒರೆಸಬಹುದು, ನಟನ ತೊದಲು ಒರೆಸುವ ಹಾಗಿಲ್ಲ. ಈ ನಿಯಮಕ್ಕಾಗಿ ಅವಳು ಮೇಲಿನವರ ಜೊತೆ ಎಷ್ಟು ಸಲ ಜಗಳ ಕಾದಿದ್ದಾಳೋ ಲೆಕ್ಕವಿಲ್ಲ.

ಈಗ ಕೈಗೆ ಬಂದಿದ್ದು ಐವತ್ತೆರಡು ವರ್ಷ ಹಳೆಯ ಕಪ್ಪು ಬಿಳುಪು ದೆವ್ವದ ಸಿನಿಮಾ. ಓದು ಬಲ್ಲವರೆಲ್ಲ ಅರ್ಧವಾದರೂ ಓದಿರುವ ಒಂದು ದಪ್ಪ ಕಾದಂಬರಿಯ ಮೇಲೆ ಮಾಡಿದ್ದು. ಕಲ್ಲಿನ ಬಂಗಲೆಯ ಯಜಮಾನ ಸತ್ತ ಹೆಂಡತಿಯ ಹೆಣವನ್ನು ಮಣ್ಣು ಮಾಡದೆ ಏಳು ವರ್ಷದಿಂದ ನೆಲಮಾಳಿಗೆಯಲ್ಲಿ ಇಟ್ಟುಕೊಂಡಿರುತ್ತಾನೆ. ಎರಡನೇ ಹೆಂಡತಿ ಮೇಣದ ಬತ್ತಿ ಹಿಡಿದು ಮೆಟ್ಟಿಲಿಳಿದು ಬಂದು ಆ ಹೆಣ ನೋಡುತ್ತಾಳೆ. ನೋಡುವವರ ಮೈಯಲ್ಲಿ ಮುಳ್ಳು ಏಳಬೇಕಾದ ಜಾಗ ಅದು. ಆದರೆ ಮೊದಲ ದಿನದ ಮೊದಲ ಆಟದಲ್ಲೇ ಇಡೀ ಥಿಯೇಟರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಣದ ಮೇಲೆ ಹರಡಿದ್ದ ಒಣಹೂಗಳಲ್ಲಿ ಒಂದು ತಾನೇ ತಾನಾಗಿ ಪುಟಿದು, ಉರುಳಿ, ಕೆಳಗೆ ಬಿತ್ತು. "ಸತ್ತು ಏಳು ವರ್ಷವಾದರೂ ಆರೋಗ್ಯ ಕೆಡದ ಹೆಣ" ಎಂದು ಪತ್ರಿಕೆಯವನೊಬ್ಬ ಬರೆದ. ಆ ಹೆಣ ಪುಟ್ಟಿಯ ಅಮ್ಮ.

ಅದಕ್ಕೆ ಮುಂಚೆ ಅಮ್ಮ ನಾಟಕದಲ್ಲಿ ಹೆಸರು ಮಾಡಿದ್ದಳು. ಅವಳು ಅಳುವ ದೃಶ್ಯಕ್ಕೆ ಕೊನೆಯ ಸಾಲಿನವರೂ ಮೂಗು ಸೀಟುತ್ತಿದ್ದರಂತೆ. ಆ ನಗುವಿನ ನಂತರ ಯಾರೂ ಕರೆಯಲಿಲ್ಲ. ಅವಳು ರಂಗದ ಮೇಲೆ ಬಂದರೆ ಸಾಕು, ಹಿಂದಿನಿಂದ ಯಾವನೋ "ಹೂವು ಜೋಪಾನ!" ಎನ್ನುತ್ತಿದ್ದ. ವರ್ಷ ತಿರುಗುವುದರಲ್ಲಿ ಬಣ್ಣ ಒರೆಸಿಕೊಂಡು ಟೆಲಿಫೋನ್ ಕಚೇರಿ ಸೇರಿದಳು.

ಯಾಕೆ ಅಲುಗಿದೆ ಎಂದು ಕೇಳಿದವರಿಗೆಲ್ಲ ಅಮ್ಮನ ಬಳಿ ಉತ್ತರ ಇರುತ್ತಿತ್ತು. ತೊಂದರೆ ಏನೆಂದರೆ ಉತ್ತರ ಒಂದೇ ಇರುತ್ತಿರಲಿಲ್ಲ. ಪಕ್ಕದ ಮನೆಯವರಿಗೆ ಸೊಳ್ಳೆ ಕಚ್ಚಿತು, ಕಚೇರಿಯವರಿಗೆ ಕಿಟಕಿಯಿಂದ ಗಾಳಿ ಬೀಸಿತು, ಪುಟ್ಟಿಗೆ ಬಂಗಲೆಯ ಇಲಿ. ಸುಳ್ಳು ಹೇಳುವವರಿಗೆ ನೆನಪಿನ ಶಕ್ತಿಯಾದರೂ ಇರಬೇಡವೇ? ಎಂಬತ್ತರ ಹತ್ತಿರ ಬಂದರೂ ಸಿನಿಮಾದ ಸುದ್ದಿ ಎತ್ತಿದರೆ ಉರಿದುಬೀಳುತ್ತಿದ್ದಳು.

ಮಾರನೆಯ ದಿನ ಸಾಹೇಬರು ನೆಲಮಾಳಿಗೆಗೆ ಇಳಿದು ಬಂದರು. ಸಂಗ್ರಹಾಲಯದ ಮುಖ್ಯಸ್ಥರು, ಮೆಟ್ಟಿಲಿಳಿದು ಬಂದರೆಂದರೆ ಏನೋ ತಲೆನೋವು ತಂದಿದ್ದಾರೆ ಎಂದೇ ಅರ್ಥ.

"ನಿಮ್ಮ ತಾಯಿಯವರು ನನಗೇ ಫೋನ್ ಮಾಡಿದ್ರು."

"ಅಯ್ಯೋ."

"ಮೂರು ಸಲ. ಆ ಹೂವಿನ ತುಣುಕು ತೆಗೆಸಿ ಅಂದ್ರು. ಕಲಾವಿದೆಯೇ ಕೇಳ್ತಿರೋವಾಗ ನಿಮ್ಮ ಚೀಟಿ ಹಿಡ್ಕೊಂಡು ಕೂರೋದು ಸರಿನಾ? ಮುಂದಿನ ತಿಂಗಳ ಮೊದಲ ಭಾನುವಾರದ ಪ್ರದರ್ಶನಕ್ಕೆ ದೊಡ್ಡವರೆಲ್ಲ ಬರ್ತಾರೆ. ಜನ ನಕ್ಕರೆ ಅವರಿಗೂ ಅವಮಾನ, ನಮಗೂ ಅವಮಾನ." ಆಮೇಲೆ ಕೈ ತೊಳೆದುಕೊಳ್ಳುವವರ ಹಾಗೆ, "ನಿಮ್ಮ ತಾಯಿ, ನಿಮ್ಮ ಕೈ. ನೀವೇ ನೋಡಿ," ಎಂದು ಮೇಲೆ ಹೋದರು.

ಪುಟ್ಟಿಗೆ ತಲೆ ಚಿಟ್ಟು ಹಿಡಿಯಿತು. ಇಪ್ಪತ್ತಾರು ವರ್ಷ ಕಾಪಾಡಿಕೊಂಡ ನಿಯಮ ಹೆತ್ತವಳಿಗಾಗಿಯೇ ಮುರಿಯಬೇಕೇ? ಆದರೂ ಏಳನೇ ರೀಲು ಪರದೆಯ ಮೇಲೆ ಬಂದ ದಿನ, ಊಟದ ಹೊತ್ತಿಗೇ ಆರು ಫೋನು ಆದ ಮೇಲೆ, ಅವಳ ಜೀವ ಹಣ್ಣಾಗಿತ್ತು. ಎಂಬತ್ತರ ಮುದುಕಿಗೆ ಇದೊಂದು ನೆಮ್ಮದಿ ಕೊಟ್ಟರೆ ಆಕಾಶ ಕಳಚಿ ಬೀಳುತ್ತದೆಯೇ? ತೆಗೆದುಬಿಡೋಣ, ಪೀಡೆ ತೊಲಗಲಿ. ಗೋಡೆಯ ಚೀಟಿ ಕಿತ್ತು ಡ್ರಾಯರಿಗೆ ಹಾಕಿದಳು.

ಹೂವನ್ನು ನಿಲ್ಲಿಸಬೇಕಾದರೆ ಅದು ಅಲುಗಿದ ಎರಡು ಸೆಕೆಂಡನ್ನು ಬಿಡಿಬಿಡಿಯಾಗಿ ನೋಡಬೇಕು: ನಲವತ್ತೆಂಟು ಚಿತ್ರ. ಅಮ್ಮ ಉಸಿರು ಬಿಟ್ಟಿರುತ್ತಾಳೆ, ಎದೆಯಿಂದ ಶುರುವಾಗಿರುತ್ತದೆ ಎಂದುಕೊಂಡು ಎದೆಯ ಜಾಗವನ್ನು ದೊಡ್ಡದು ಮಾಡಿದಳು. ಎದೆ ಅಲುಗಲಿಲ್ಲ. ಗಂಟಲು ನೋಡಿದಳು, ಮೂಗಿನ ಹೊಳ್ಳೆ ನೋಡಿದಳು, ರೆಪ್ಪೆ ನೋಡಿದಳು. ಕಲ್ಲು. ಇಷ್ಟು ಚೆನ್ನಾಗಿ ಸತ್ತವರನ್ನು ಪುಟ್ಟಿ ಯಾವ ಸಿನಿಮಾದಲ್ಲೂ ಕಂಡಿರಲಿಲ್ಲ. ಅಮ್ಮ ಎಂಥ ನಟಿ ಎಂದು ಜೀವನದಲ್ಲಿ ಮೊದಲ ಸಲ ಅವಳಿಗೆ ಗೊತ್ತಾಯಿತು.

ಹದಿನೇಳನೆಯ ಚಿತ್ರದಲ್ಲಿ ಹೆಣದ ಮೇಲೆ ಹೊದಿಸಿದ್ದ ಬಟ್ಟೆ ಬಲಗಡೆ, ಪಕ್ಕೆಲುಬಿನ ಕೆಳಗೆ, ಒಳಗಿನಿಂದ ಉಬ್ಬಿತು. ಲಿಂಬೆಹಣ್ಣಿನಷ್ಟು. ಇಪ್ಪತ್ತರಲ್ಲಿ ಆ ಉಬ್ಬು ಸ್ವಲ್ಪ ಜಾರಿತು, ಮೇಲಿದ್ದ ಹೂವು ಪುಟಿಯಿತು. ಇಪ್ಪತ್ತಾರರಲ್ಲಿ ಇಳಿದುಹೋಯಿತು.

ಪುಟ್ಟಿ ಕುರ್ಚಿಗೆ ಒರಗಿದಳು. ತಾನೂ ಒಂದನ್ನು ಹೆತ್ತವಳು. ಅದು ಸೊಳ್ಳೆಯಲ್ಲ, ಗಾಳಿಯಲ್ಲ, ಇಲಿಯಂತೂ ಅಲ್ಲ. ಸಿನಿಮಾದಿಂದ ಕತ್ತರಿಸಿ ಡಬ್ಬಿಯಲ್ಲೇ ಉಳಿಸಿದ್ದ, ಆ ದೃಶ್ಯದ ಆರಂಭದ ತುಂಡನ್ನು ಗಾಜಿನ ಮೇಜಿನ ಮೇಲೆ ಹಿಡಿದು ನೋಡಿದಳು. ಕ್ಯಾಮೆರಾದ ಮುಂದೆ ಹಿಡಿದ ಕ್ಲಾಪ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದಿತ್ತು. ಅವಳ ಹುಟ್ಟಿದ ದಿನಕ್ಕೆ ಸರಿಯಾಗಿ ಹತ್ತು ವಾರ ಮುಂಚೆ.

ಅವತ್ತು ಕೆಲಸ ಅರ್ಧಕ್ಕೆ ಬಿಟ್ಟು ಅಮ್ಮನ ಮನೆಗೆ ಹೋದಳು. ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು.

"ಇಲಿ ಅಂದ್ಯಲ್ಲಮ್ಮ ನನಗೆ. ಇಲಿ ನಾನೇನಾ?"

ಅಮ್ಮನ ಕೈ ನಿಂತಿತು. "ನೋಡ್ಬೇಡ ಅಂತ ಹೇಳಿದ್ನೋ ಇಲ್ವೋ? ಬಡ್ಕೊಂಡೆ ಕಣೇ. ಒಂದು ಮಾತು ಕೇಳಿದ್ದೀಯ ನೀನು ಹುಟ್ಟಿದಾಗಿಂದ?"

"ಏಳು ತಿಂಗಳ ಬಸುರಿ ಹೋಗಿ ಹೆಣ ಆಗ್ತಾರಾ ಯಾರಾದ್ರೂ?"

"ನನ್ನ ಬೇರೆ ಸೀನೆಲ್ಲ ಮುಗಿದಿತ್ತು. ಹೀರೋಗೆ ಸಿಡುಬೆದ್ದು ಇದೊಂದು ಮೂರು ತಿಂಗಳು ಮುಂದಕ್ಕೆ ಹೋಯ್ತು. ಹೇಳಿದ್ರೆ ಬೇರೆಯವಳನ್ನ ಹಾಕ್ತಿದ್ರು. ಬಟ್ಟೆ ಬಿಗಿದು ಕಟ್ಟಿ ಮಲಗಿದೆ, ಮೇಲೆ ಹೂವು ಹಾಕಿಸ್ಕೊಂಡೆ. ನಾಲ್ಕು ನಿಮಿಷದ ಶಾಟು, ಉಳಿದಿದ್ದು ಅಷ್ಟೇ ಫಿಲ್ಮು. ಮೂರೂವರೆ ನಿಮಿಷ ಸುಮ್ಮನಿದ್ದೆ ನೀನು. ಇನ್ನರ್ಧ ನಿಮಿಷ ತಡ್ಕೊಳೋಕೆ ಏನಾಗಿತ್ತು ನಿನಗೆ?"

ಐವತ್ತೆರಡು ವರ್ಷದ ಹಿಂದಿನ ಒದೆಗೆ ಈಗ ಬೈಗುಳ. ಪುಟ್ಟಿಗೆ ನಗು ಬಂತು.

"ಹೇಳ್ಬಹುದಿತ್ತಲ್ಲಮ್ಮ, ಒದ್ದಿದ್ದು ಮಗು ಅಂತ. ಜನ ನಗ್ತಿರಲಿಲ್ಲ."

"ಹೇಳ್ಬಹುದಿತ್ತು." ಅಮ್ಮ ಮಡಿಸಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ನಿಮ್ಮಜ್ಜಿ, ನಿಮ್ಮಪ್ಪನ ಅಮ್ಮ, ಇದ್ರಲ್ಲ. ಅವರ ಕಿವಿಗೆ ಬಿದ್ದಿದ್ರೆ 'ಈ ಹುಡುಗೀದು ಎಂಥ ಕಾಲ್ಗುಣ, ಹುಟ್ಟೋಕೆ ಮುಂಚೆನೇ ಅಮ್ಮನ ಅನ್ನಕ್ಕೆ ಒದ್ದಳು' ಅಂತ ಊರೆಲ್ಲ ಡಂಗುರ ಸಾರ್ತಿದ್ರು. ಜೀವನ ಪೂರ್ತಿ ನೀನು ಅದನ್ನ ಕೇಳ್ಬೇಕಿತ್ತು. ಅದಕ್ಕೆ ಸೊಳ್ಳೆ ಅಂದೆ. ಸೊಳ್ಳೆಗೆ ಏನಂದ್ರೂ ಬೇಜಾರಿಲ್ಲ."

ಪುಟ್ಟಿ ಅಮ್ಮನ ಕೈಯಿಂದ ಟವೆಲು ತೆಗೆದು ಪಕ್ಕಕ್ಕಿಟ್ಟಳು. ಅಮ್ಮ ಕೇಳಿದಳು, "ಈಗಾದ್ರೂ ತೆಗೀತೀಯಾ?"

"ತೆಗೆಯಲ್ಲ."

"ಹಠಮಾರಿ," ಅಂದಳು ಅಮ್ಮ. "ಅವತ್ತೂ ಹಾಗೇ."

ಪುಟ್ಟಿ ಮರುದಿನ ಡ್ರಾಯರಿನಿಂದ ಚೀಟಿ ತೆಗೆದು ಮತ್ತೆ ಗೋಡೆಗೆ ಅಂಟಿಸಿದಳು. ಅಮ್ಮ ಒಂದು ವಾರ ಫೋನು ಮಾಡಲಿಲ್ಲ. ಪುಟ್ಟಿ ಹನ್ನೊಂದು ಗಂಟೆ ಆದೊಡನೆ ಫೋನಿನ ಕಡೆ ನೋಡುತ್ತಿದ್ದಳು. ಬಂದರೆ ಕಾಟ, ಬರದಿದ್ದರೆ ಅದಕ್ಕಿಂತ ಕಾಟ.

ಪ್ರದರ್ಶನದ ಭಾನುವಾರ ಬೆಳಗಿನ ಆಟಕ್ಕೆ ಅಮ್ಮ ಬರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಬಂದಳು. ಕೋಲೂರಿಕೊಂಡು ಮೂರನೇ ಸಾಲಿನಲ್ಲಿ ಪುಟ್ಟಿಯ ಪಕ್ಕ ಕೂತು ಆರು ರೀಲು ನೋಡಿದಳು. ಏಳನೆಯದರಲ್ಲಿ ಎರಡನೇ ಹೆಂಡತಿ ಮೇಣದ ಬತ್ತಿ ಹಿಡಿದು ಮೆಟ್ಟಿಲಿಳಿದಳು. ಥಿಯೇಟರು ಗಪ್‌ಚುಪ್. ಬೆಳಕು ಹೆಣದ ಮುಖದ ಮೇಲೆ ಬಿತ್ತು. ಇಪ್ಪತ್ತೇಳು ವರ್ಷದ ಅಮ್ಮ, ಉಸಿರಿಲ್ಲದೆ ಮಲಗಿದ್ದಳು. ಅಮ್ಮನ ಕೈ ಬಂದು ಪುಟ್ಟಿಯ ಮಣಿಕಟ್ಟು ಹಿಡಿಯಿತು.

ಹೂವು ಪುಟಿಯಿತು, ಉರುಳಿತು, ಬಿತ್ತು.

ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಅವನ ಹಿಂದೆ ಇನ್ನೊಬ್ಬ. ನಗು ಸಾಲಿನಿಂದ ಸಾಲಿಗೆ ಹತ್ತಿಕೊಳ್ಳತೊಡಗಿತು. ಸಾಹೇಬರು ಹಣೆ ಒತ್ತಿಕೊಂಡರು. ತಪ್ಪು ಮಾಡಿದೆ, ಅಮ್ಮನನ್ನು ಮತ್ತೊಮ್ಮೆ ಈ ನಗುವಿಗೆ ಒಡ್ಡಿದೆ ಎಂದುಕೊಂಡು ಪುಟ್ಟಿ ಅಮ್ಮನ ಕಡೆ ತಿರುಗಿದಳು.

ಅಮ್ಮ ಕೋಲೂರಿ ಎದ್ದು ನಿಂತಳು. ಪರದೆಗೆ ಬೆನ್ನು ಹಾಕಿ ಜನರ ಕಡೆ ತಿರುಗಿದಳು. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದ ಹಳೆಯ ದನಿ ಇನ್ನೂ ಉಳಿದಿತ್ತು.

"ಏನ್ರೀ ನಗ್ತೀರಾ? ಹೆಣ ನಾನು. ಚೆನ್ನಾಗೇ ಸತ್ತಿದ್ದೆ. ಅಲುಗಿದ್ದು ಇವಳು!"

ಎನ್ನುತ್ತಾ ಪುಟ್ಟಿಯ ಕೈಯನ್ನು, ಬಿಡಿಸಿಕೊಳ್ಳಲು ಬಿಡದೆ, ಎಲ್ಲರಿಗೂ ಕಾಣುವ ಹಾಗೆ ಮೇಲಕ್ಕೆತ್ತಿ ಹಿಡಿದಳು.