ರೇಡಿಯೋ ಉಪ್ಪುಂದ ಅಂದಿತು

ಅರವತ್ತಾರನೇ ಇಸವಿ, ಜನವರಿ ಹತ್ತರ ಸಂಜೆ. ಉಪ್ಪುಂದದ ಕುಷ್ಟಣ್ಣನ ಹೋಟೆಲಿನಲ್ಲಿ ಎಲ್ಲರ ಕಿವಿಯೂ ಗೊರಗುಟ್ಟುವ ರೇಡಿಯೋ ಮೇಲಿತ್ತು. ಒಲೆಯ ಮುಂದೆ ನಿಂತಿದ್ದ ಉಮಾನಾಥನಿಗೆ ಕಾವಲಿಯ ಮೇಲಿನ ದೋಸೆ ಸೀದದ್ದೂ ತಿಳಿಯಲಿಲ್ಲ. ಅವನ ಅಣ್ಣ ಭೋಜರಾಜ ಸಿಪಾಯಿ. ಹೋದ ಆಗಸ್ಟಿನಲ್ಲಿ ಪಾಕಿಸ್ತಾನದೊಡನೆ ಯುದ್ಧವಾದಾಗ ಕಾಶ್ಮೀರದಲ್ಲಿ ವೈರಿಯ ಗುಡ್ಡವೊಂದನ್ನು ಹತ್ತಿ ಹಿಡಿದವರಲ್ಲಿ ಅವನೂ ಒಬ್ಬ. ಸೆಪ್ಟೆಂಬರಿನಲ್ಲಿ ‘ಪತ್ತೆಯಿಲ್ಲ’ ಎಂಬ ಕಾಗದ ಬಂತು. ಆಮೇಲೆ ಸುದ್ದಿಯೇ ಇಲ್ಲ.

“ರಷ್ಯಾದವ್ರ್ ಇಬ್ರನ್ನೂ ಕರ್ದ್ ರಾಜಿ ಮಾಡ್ಸಿದ್ರ್ ಅಂಬ್ರ್,” ಎಂದ ಚಾ ಹೀರುತ್ತಿದ್ದ ಸೂರ. “ನನ್ ಗದ್ದೆ ಗಡಿ ಪಂಚಾತಿಗೆಗೆ ಹಾಲಾಡಿ ಸಾಹುಕಾರ್ರ್ ಬಂದಿದ್ರಲೆ, ಹಂಗೆ. ಗಡಿ ಇದ್ದಲ್ಲೇ ಇತ್ತ್. ನನ್ ಎರಡ್ ಕೋಳಿ ಮಾತ್ರ ಇಲ್ಲೆ!”

ಎಲ್ಲರೂ ನಕ್ಕರು. ಉಮಾನಾಥ ಸಟ್ಟುಗ ಕುಕ್ಕಿದ. “ಅಮೆರಿಕದವ ಬಂದೂಕ್ ಕೊಡುದ್, ಚೀನಾದವ ಹಿಂದಿಂದ ಹೆದ್ರಸುದ್, ರಷ್ಯಾದವ ರಾಜಿ ಮಾಡ್ಸುದ್. ಸಾಯುದ್ ಮಾತ್ರ ನಮ್ಮಣ್ಣನಂಥವ್ರ್!”

ಬಾಯಿಂದ ಜಾರಿದ ಮಾತು ಅವನಿಗೇ ಚುಚ್ಚಿತು. ಅಷ್ಟರಲ್ಲಿ ರೇಡಿಯೋ, ಎರಡೂ ಸೈನ್ಯಗಳು ಆಗಸ್ಟ್ ಐದಕ್ಕೆ ಮೊದಲಿದ್ದ ಜಾಗಕ್ಕೆ ಮರಳಬೇಕು ಎಂದಿತು. ಅಂದರೆ ಗುಡ್ಡ ವಾಪಸು. ಉಮಾನಾಥ ಒಂದೇ ನೆಗೆತಕ್ಕೆ ಹೋಗಿ ಗುಬ್ಬಿ ತಿರುಗಿಸಿ ರೇಡಿಯೋ ಬಂದ್ ಮಾಡಿದ.

“ಹತ್ತಿದ್ದ್ ನಮ್ಮಣ್ಣ. ಇಳಿಯುಕೆ ಹೇಳುಕೆ ಇವ್ರ್ ಯಾರ್?”

“ಎಂತ ಮರಾಯ, ಪೂರ್ತಿ ಕೇಂಬುಕಾರೂ ಬಿಡ್,” ಎಂದು ಕುಷ್ಟಣ್ಣ ಗದರುವಾಗಲೇ ರಸ್ತೆಯಿಂದ ಉಮಾನಾಥನ ತಾಯಿ ಗುಲಾಬಿ ಓಡಿ ಬಂದಳು. ತಲೆಯ ಮೇಲಿನ ಬುಟ್ಟಿ ಇಳಿಸುವ ವ್ಯವಧಾನವೂ ಇಲ್ಲ.

“ಉಮಾ, ರೇಡಿಯೋದಾಗೆ ಉಪ್ಪುಂದ ಅಂದ್ರಲೆ! ಎರಡ್ ಸಲ ಅಂದ್ರ್, ನಾನೇ ಕೇಂಡೆ. ಭೋಜನ್ ಸುದ್ದಿಯಾ?”

ಸೂರ ಲೋಟದೊಳಗೆ ಕಣ್ಣಿಟ್ಟ.

“ಅದ್ ನಮ್ಮೂರಲ್ಲ ಅಬ್ಬಿ,” ಎಂದ ಉಮಾನಾಥ. “ಒಪ್ಪಂದ. ರಾಜಿ.”

ಅವಳ ಮುಖ ಬಾಡಲಿಲ್ಲ. “ರಾಜಿ ಆರೆ ಸೆರೆ ಹಿಡ್ದವ್ರನ್ನ ಬಿಡ್ತ್ರ್ ಅಲ್ದಾ? ಅದಕ್ಕೆಂತ ಅಂದ್ರ್?”

ಉಮಾನಾಥ ಗುಬ್ಬಿಯನ್ನು ಮತ್ತೆ ತಿರುಗಿಸಿದ. ಹಳೆಯ ಪೆಟ್ಟಿಗೆ, ಒಳಗೆ ಬಿಸಿಯೇರದೆ ದನಿ ಬಾರದು. ಕೊನೆಗೊಮ್ಮೆ “...ಕೈದಿಗಳನ್ನು...” ಎಂದು ಕೇಳಿಸಿ ಮತ್ತೆ ಗೊರಗೊರ. ದನಿ ತಿಳಿಯಾಗುವಾಗ ಬೇರೆ ಸುದ್ದಿ ನಡೆದಿತ್ತು.

“ಹ್ವಾಯ್, ಪೂರ್ತಿ ಕೇಂಡವ್ರ್ ಯಾರ್ ಇದ್ರ್?” ಎಂದು ಕೂಗಿದ ಉಮಾನಾಥ.

“ಬೈಂದೂರಾಗೆ ಪೋಸ್ಟ್ ಮಾಸ್ಟ್ರ ಮನೆಯಾಗೆ ರೇಡಿಯೋ ಇತ್ತ್ ಕಾಣ್,” ಎಂದ ಕುಷ್ಟಣ್ಣ.

ಉಮಾನಾಥ ಆಗಲೇ ಕುಷ್ಟಣ್ಣನ ಸೈಕಲ್ ಹತ್ತಿದ್ದ.

ಉತ್ತರದ ರಸ್ತೆಯಲ್ಲಿ ಎದುರುಗಾಳಿ. ಕೊಟ್ಟುಬಿಡಲಿ, ಇವತ್ತೇ ಕೊಟ್ಟುಬಿಡಲಿ ಆ ಗುಡ್ಡವನ್ನು ಎಂದು ಹಲ್ಲು ಕಚ್ಚಿ ತುಳಿಯುತ್ತಿದ್ದ. ಹಾಗನ್ನುವ ತನ್ನ ಮೇಲೆಯೇ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು.