ಹಂಚದೆ ಉಳಿಸಿದ ಲೇಖನ

ತಿಪಟೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಪುಷ್ಪಲತಾ, ತೆಂಗಿನ ಕುರಿತ ಪುಟ್ಟದೊಂದು ಸಂಶೋಧನಾ ಪತ್ರಿಕೆಯ ಸಹಸಂಪಾದಕಿಯೂ ಹೌದು. ಲೇಖನಗಳನ್ನು ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಿ ಹಂಚಿದರೆ ಬೇರೆ ಸಂಶೋಧಕರು ತಮ್ಮ ಬರಹಗಳಲ್ಲಿ ಅವನ್ನು ಹೆಚ್ಚು ಉಲ್ಲೇಖಿಸುತ್ತಾರೆಂದು ಅವಳು ಗಟ್ಟಿಯಾಗಿ ನಂಬಿದ್ದಳು. ಆದರೂ ಪ್ರಧಾನ ಸಂಪಾದಕ ಜ್ಞಾನೇಶ್ ಆ ಮಾತನ್ನೇ ಪತ್ರಿಕೆಯ ಜಾಹೀರಾತಿಗೆ ಹಾಕಲು ಹೊರಟಾಗ ತಡೆದಳು.

“ನಂಬೋದು ಬೇರೆ, ತೋರ್ಸೋದು ಬೇರೆ ಕಣ್ರೀ. ಒಂದ್ಸಾರಿ ನೋಡೇಬುಡಾಣ.”

ಅವಳು ಹೇಳಿದ ಪರೀಕ್ಷೆ ಇದು: ಪ್ರತಿ ಲೇಖನಕ್ಕೂ ನಾಣ್ಯ ಚಿಮ್ಮುವುದು. ಸಿಂಹ ಬಿದ್ದರೆ ಚಿತ್ರ ಹಾಕಿ, ಸರಳ ಮಾತಲ್ಲಿ ಬರೆದು ಹಂಚುವುದು. ಅಂಕಿ ಬಿದ್ದರೆ ಸುಮ್ಮನಿರುವುದು. ಎರಡು ವರ್ಷ ಬಿಟ್ಟು ಎರಡೂ ಗುಂಪಿನ ಉಲ್ಲೇಖಗಳನ್ನು ಹೋಲಿಸುವುದು. ಲೇಖಕರೆಲ್ಲ ಒಪ್ಪಿದರು.

ಇಂಪನಾಳ ಸರದಿ ಬಂತು. ಪುಷ್ಪಲತಾಳ ಬಳಿಯೇ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ತೆಂಗಿನ ಗರಿಗೆ ಕಪ್ಪು ಬೂಷ್ಟು ತರುವ ಬಿಳಿನೊಣವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಜದ ಹುಳುವೊಂದು ಹೇಗೆ ಹತೋಟಿಗೆ ತರುತ್ತದೆಂದು ಚಿಕ್ಕನಾಯಕನಹಳ್ಳಿಯ ಒಣ ತೋಟಗಳಲ್ಲಿ ಅಲೆದು ಬರೆದಿದ್ದಳು. ಅದು ಅವಳ ಮೊದಲ ಲೇಖನ. ನಾಣ್ಯ ಬಿತ್ತು. ಅಂಕಿ.

“ಮೇಡಂ, ಒಪ್ಕಂಡಿದ್ದೆ, ನಿಜ. ಆದ್ರೆ ಕೆಲ್ಸಕ್ಕೆ ಅರ್ಜಿ ಹಾಕೋಳು ನಾನು. ಇದೊಂದ್ ಹಾಕ್ಬುಡಿ.”

ಪುಷ್ಪಲತಾಗೂ ಹಂಚಿಬಿಡುವ ಆಸೆಯಾಯಿತು. ಆ ವರ್ಷ ಬಂದ ಲೇಖನಗಳಲ್ಲಿ ಅಷ್ಟು ಚೆನ್ನಾದದ್ದು ಇನ್ನೊಂದಿರಲಿಲ್ಲ. “ಇಷ್ಟವಾದದ್ನೆಲ್ಲ ಆರಿಸಿ ಹಂಚಿದ್ರೆ, ಗೆದ್ದಿದ್ದು ಲೇಖನವೋ ಪ್ರಚಾರವೋ ಹೆಂಗ್ ಗೊತ್ತಾಗುತ್ತೆ, ಹೇಳು,” ಎಂದಳು. ಇಂಪನಾ ಎದ್ದು ಹೋದಳು. ಒಂದಷ್ಟು ದಿನ ಎದುರಿಗೆ ಸಿಕ್ಕರೂ ಮುಖ ಕೊಡಲಿಲ್ಲ. ಪುಷ್ಪಲತಾಗೆ ನೋವಾಯಿತು, ಆದರೆ ಮನಸ್ಸು ಬದಲಾಗಲಿಲ್ಲ.

ಎರಡು ವರ್ಷ ಕಳೆದ ಮೇಲೆ ಲೆಕ್ಕ ತೆಗೆದರು. ಹಂಚಿದ ಲೇಖನಗಳನ್ನು ತೆರೆದು ನೋಡಿದವರು ಎಷ್ಟೋ ಪಟ್ಟು ಹೆಚ್ಚಾಗಿದ್ದರು. ಉಲ್ಲೇಖಗಳಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಯಾರೂ ಪ್ರಚಾರ ಮಾಡದ ಇಂಪನಾಳ ಲೇಖನವನ್ನು ಕೇರಳದವರೂ ಶ್ರೀಲಂಕಾದವರೂ ತಾವೇ ಹುಡುಕಿ ಬಳಸಿಕೊಂಡಿದ್ದರು.

ಜ್ಞಾನೇಶ್ ಮುಖ ಸಪ್ಪಗಾಯಿತು. “ಇದನ್ನ ಅಚ್ಚು ಹಾಕಿದ್ರೆ ನಮ್ಮ ಪತ್ರಿಕೆ ಕಾಲ್ ಮೇಲೆ ನಾವೇ ಕಲ್ಲು ಎತ್ತಾಕ್ಕಂಡಂಗೆ ಕಣ್ರೀ.”

“ನಮ್ಮದು ಸಣ್ಣ ಪರೀಕ್ಷೆ, ಬೇರೆ ಕಡೆ ಬೇರೆ ಥರ ಬರಬೌದು. ಅದನ್ನೂ ಬರೀತೀನಿ. ಆದ್ರೆ ಬಂದಿದ್ದನ್ನ ಬಂದಂಗೇ ಬರೀತೀನಿ. ನನ್ನ ನಂಬಿಕೆ ತಪ್ಪಾಯ್ತು, ಪರೀಕ್ಷೆ ತಪ್ಪಾಗಿಲ್ಲ.” ಪುಷ್ಪಲತಾಳ ದನಿಯಲ್ಲಿ ಅಳುಕಿರಲಿಲ್ಲ. ಅಂಕಿಗಳ ಹಾಳೆಯನ್ನು ಮತ್ತೊಮ್ಮೆ ನೋಡಿದ ಜ್ಞಾನೇಶ್, “ಹಂಗಾದ್ರೆ ನನ್ನ ಹೆಸರೂ ಇರ್ಲಿ,” ಎಂದರು.

ಪರೀಕ್ಷೆ ಮುಗಿದಿತ್ತಾದ್ದರಿಂದ ಇನ್ನು ಕಟ್ಟುಪಾಡಿರಲಿಲ್ಲ. ಪುಷ್ಪಲತಾ ಇಂಪನಾಳನ್ನು ಕರೆದು, “ಈಗ ಹಾಕು. ನೀನೇ ಬರಿ,” ಎಂದಳು.

“ಹಾಕಿದ್ರೂ ಉಲ್ಲೇಖ ಜಾಸ್ತಿ ಆಗಲ್ಲ ಅಂತ ನೀವೇ ತೋರ್ಸಿದೀರಲ್ಲ ಮೇಡಂ.”

“ಉಲ್ಲೇಖ ಮಾಡೋರೇ ಓದ್ಬೇಕಾ? ತೋಟದೋರು ಓದ್ಲಿ.”

ಇಂಪನಾ ನಕ್ಕಳು. ಅಂದೇ ಕೂತು, ಊರ ಮಾತಲ್ಲೇ ಬರೆದು ತೆಂಗು ಬೆಳೆಗಾರರ ಗುಂಪುಗಳಿಗೆ ಕಳಿಸಿದಳು. ವಾರ ತುಂಬುವ ಮುಂಚೆ ಹಾಲ್ಕುರಿಕೆಯಿಂದ ಶಿವರುದ್ರಮ್ಮ ಎಂಬ ಬೆಳೆಗಾರ್ತಿ ಫೋನ್ ಮಾಡಿದರು.

“ನಿಮ್ ಬರಹ ಓದ್ದೆ ಕಣಮ್ಮ. ಔಷಧಿ ಹೊಡ್ಸಾಕೆ ಆಳಿಗೆ ಹೇಳಿದ್ದೆ, ಹೊಡದ್ರೆ ಕಣಜಾನೂ ಸಾಯ್ತದೆ ಅಂತ ನೀವ್ ಬರ್ದಿದ್ದು ನೋಡಿ ಬ್ಯಾಡ ಅಂದೆ. ನಮ್ ತೋಟದಾಗೆ ಆ ಕಣಜ ಐತೋ ಇಲ್ವೋ, ಬಂದು ನೋಡಿ ಹೇಳಿ.”

“ನಾಳೇನೇ ಬತ್ತೀನಿ,” ಎಂದಳು ಇಂಪನಾ. ಮರುದಿನ ಬೆಳಿಗ್ಗೆ ಭೂತಗನ್ನಡಿಯನ್ನು ಬ್ಯಾಗಿಗೆ ಹಾಕಿಕೊಂಡು ಮೊದಲ ಬಸ್ಸು ಹತ್ತಿದಳು. ಪುಷ್ಪಲತಾ ಪಕ್ಕದ ಸೀಟಿನಲ್ಲಿ ಕೂತಿದ್ದಳು.