ಹಬೆ ಸೋರಿದ ಶುಕ್ರವಾರ

ನಮ್ಮ ಅಸಿಲಾ ಊರಿನ ಬೇಸಿಗೆ ಶಿಬಿರದಲ್ಲಿ ಶುಕ್ರವಾರದ ಕುಸ್ಕುಸ್ ಊಟವನ್ನು ಮಕ್ಕಳೇ ಬೇಯಿಸಬೇಕು, ದೊಡ್ಡವರು ಬಾಯಿ ಬಿಡುವಂತಿಲ್ಲ. ಶಿಬಿರ ನಡೆಸುವ ನಾನೇ ಮಾಡಿದ ನಿಯಮ. ಪಾಲಿಸಲು ನನಗೇ ಪ್ರಾಣಸಂಕಟ.

ಅಂದು ಒಲೆಯ ಮುಂದೆ ಇತ್ತೋ ಎಂಬ ಹನ್ನೊಂದು ವರ್ಷದ ಹುಡುಗಿ ಇದ್ದಳು. ಅವಳನ್ನು ನೋಡಲು ಬಂದಿದ್ದ ತಾಯಿ ತಾಮು ನನ್ನ ಪಕ್ಕ ಕೂತಿದ್ದಳು. ಕೆಳಗೆ ಮಾಂಸ, ತರಕಾರಿ ಕುದಿಯುವ ಪಾತ್ರೆ. ಅದರ ಮೇಲೆ, ಆ ಹಬೆಯಲ್ಲೇ ಬೇಯಲೆಂದು ಕುಸ್ಕುಸ್‌ನ ಗೋಧಿ ರವೆ ತುಂಬಿದ ತೂತಿನ ಪಾತ್ರೆ. ಎರಡರ ನಡುವಿನ ಸಂದಿಗೆ ಬಟ್ಟೆ ಸುತ್ತುವುದನ್ನು ಹುಡುಗಿ ಮರೆತಿದ್ದಳು. ಹಬೆಯೆಲ್ಲ ಪಕ್ಕದಿಂದ ಸೋರುತ್ತಿತ್ತು.

“ಅಯ್ಯೋ, ಹೀಗಾದ್ರೆ ಸಂಜೆಗೂ ಬೇಯಲ್ಲ!” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ ತಾಮು ಎದ್ದಳು. ನಾನು ತೋಳು ಹಿಡಿದು ಕೂರಿಸಿದೆ.

ಇತ್ತೋ ಸೌದೆ ತುರುಕಿದಳು, ಊದಿದಳು, ಜೊತೆಯವರನ್ನು ಬೈದಳು. ಕೊನೆಗೆ ಸಂದಿಯ ಹಬೆ ಕೈಗೆ ತಾಗಿ ಚುರ್ ಎಂದಿತು. ಅಲ್ಲೇ ನೋಡುತ್ತ ನಿಂತಳು. ಆಮೇಲೆ ತಲೆವಸ್ತ್ರ ಬಿಚ್ಚಿ, ಒದ್ದೆ ಮಾಡಿ, ಸಂದಿಗೆ ಬಿಗಿಯಾಗಿ ಸುತ್ತಿದಳು.

ಊಟ ತಡವಾಯಿತು. ಒಂದೇ ಹರಿವಾಣದ ಸುತ್ತ ಕೂತಾಗ ಇತ್ತೋ ಕೇಳಿದಳು:

“ಅಮ್ಮಾ, ನಿಂಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು ಕಣೇ.”

“ಮತ್ತೆ ಯಾಕೆ ಸುಮ್ನಿದ್ದೆ?”

“ಈ ಮಹಾತಾಯಿ ಏಳೋಕೆ ಬಿಟ್ರೆ ತಾನೇ!”

ಇತ್ತೋ ಕುಸ್ಕುಸ್ ಉಂಡೆ ಕಟ್ಟುತ್ತ ನನ್ನನ್ನೊಮ್ಮೆ ನೋಡಿದಳು.

“ಹಾಗಾದ್ರೆ ಇವರನ್ನ ಮನೆಗೂ ಕರ್ಕೊಂಡು ಹೋಗೋಣಮ್ಮ.”